ಗೋಡೆಯೊಳಗೆ ಗೂಡು ಕಟ್ಟಿದ ಜೇನನ್ನು ಕೊಲ್ಲದೆ ಬೇರೆಡೆಗೆ ಸಾಗಿಸುವುದು ಹೇಗೆ?

ಪ್ರಶ್ನೆ: ಶಹಾಪುರ ಹಳೆಮನೆ, ಬೆಳಗಾವಿ

ಬೆಳಗಾವಿಯ ಶಹಾಪುರದಲ್ಲಿರುವ ನಮ್ಮದು ಕಲ್ಲು ಮಣ್ಣಿನ ದಪ್ಪ ಗೋಡೆಯ, ಹಂಚು ಹೊದಿಸಿದ ಹಳೆಯ ಮನೆ. ಪಡಸಾಲೆಯ ಹೊರಗೋಡೆಯಲ್ಲಿ ಹಿಂದೆ ಯಾವುದೋ ಕೊಳವೆ ಹಾದುಹೋಗಿದ್ದ ರಂಧ್ರವೊಂದಿದ್ದು, ದೀಪಾವಳಿಯ ಆಸುಪಾಸಿನಲ್ಲಿ ಅದರ ಮೂಲಕ ಜೇನುಹುಳುಗಳು ಒಳಹೊಕ್ಕು ನೆಲೆಸಿವೆ. ರಾತ್ರಿ ಒಳಗಿನಿಂದ ಗೋಡೆಗೆ ಕಿವಿಯಿಟ್ಟರೆ ಮೊರೆತ ಸ್ಪಷ್ಟವಾಗಿ ಕೇಳುತ್ತದೆ. ಇದುವರೆಗೆ ಯಾರಿಗೂ ಕಚ್ಚಿಲ್ಲವಾದರೂ ರಂಧ್ರವಿರುವುದು ಆಳೆತ್ತರದಲ್ಲಿ, ಅದೂ ಓಣಿಯ ಮಕ್ಕಳು ಆಡುವ ಜಾಗದ ಪಕ್ಕದಲ್ಲಿ ಆಗಿರುವುದರಿಂದ ನೆರೆಯವರ ಆತಂಕ ನ್ಯಾಯವಾದದ್ದೇ.

ಕೀಟನಾಶಕ ಸಿಂಪಡಿಸುವವರೊಬ್ಬರು ಬಂದು ನೋಡಿ, ಔಷಧಿ ಹೊಡೆದು ಸಿಮೆಂಟಿನಿಂದ ರಂಧ್ರ ಮುಚ್ಚಿದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ ಎಂದು ಹೇಳಿ ಹೋಗಿದ್ದಾರೆ. ಮನೆಯಲ್ಲಿ ಯಾರಿಗೂ ಅದಕ್ಕೆ ಮನಸ್ಸಿಲ್ಲ. ಜೀವಂತವಾಗಿ ಇವುಗಳನ್ನು ತೆಗೆಸಿ ಬೇರೆಡೆ ನೆಲೆಗೊಳಿಸುವುದು ಸಾಧ್ಯವೇ? ಸಾಧ್ಯವಿದ್ದರೆ ಯಾವ ಕಾಲದಲ್ಲಿ, ಯಾವ ಕ್ರಮದಲ್ಲಿ ಮಾಡಬೇಕು? ಗೋಡೆಯನ್ನು ಎಷ್ಟರಮಟ್ಟಿಗೆ ಕೆಡವಬೇಕಾದೀತು? ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ನವನಗರ ತೋಟಗಾರ, ಬಾಗಲಕೋಟೆ

ಮೊದಲು ಅದು ಯಾವ ಜೇನು ಎಂಬುದನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ಮುಂದಿನ ಪ್ರತಿಯೊಂದು ನಿರ್ಧಾರವೂ ಅದನ್ನೇ ಅವಲಂಬಿಸಿದೆ. ಹೆಜ್ಜೇನು ಮತ್ತು ಕೋಲುಜೇನು ಎರಡೂ ಬಯಲಿನಲ್ಲಿ ಒಂದೇ ಎರಿ (ಮೇಣದ ಕೋಣೆಗಳ ಹಲ್ಲೆ) ಕಟ್ಟುತ್ತವೆಯೇ ಹೊರತು ಗೋಡೆಯೊಳಗೆ ಹೋಗುವುದಿಲ್ಲ. ಗೋಡೆಯ ಪೊಳ್ಳಿನೊಳಗೆ ಇರುವುದು ಸಾಮಾನ್ಯವಾಗಿ ತುಡುವೆ ಜೇನು, ಇಲ್ಲವೇ ಮುಜಂಟಿ ಜೇನು. ಮುಜಂಟಿಯಾದರೆ ಹುಳು ಇರುವೆಯಷ್ಟು ಚಿಕ್ಕದಾಗಿ ಕಪ್ಪಗಿರುತ್ತದೆ ಮತ್ತು ರಂಧ್ರದ ಬಾಯಿಯಲ್ಲಿ ಮೇಣ ಹಾಗೂ ಅಂಟಿನಿಂದ ಮಾಡಿದ ಸಣ್ಣ ಕೊಳವೆ ಹೊರಚಾಚಿಕೊಂಡಿರುತ್ತದೆ. ಅದು ಚುಚ್ಚುವ ಜಾತಿಯೇ ಅಲ್ಲವಾದ್ದರಿಂದ ಅದನ್ನು ತೆಗೆಸುವ ಅಗತ್ಯವೇ ಇಲ್ಲ, ಹಾಗೆಯೇ ಬಿಟ್ಟುಬಿಡಿ. ಹುಳುವಿನ ಹೊಟ್ಟೆಯ ಮೇಲೆ ಅಡ್ಡಪಟ್ಟೆಗಳಿದ್ದು, ಗಾತ್ರದಲ್ಲಿ ಮನೆನೊಣಕ್ಕಿಂತ ಸ್ವಲ್ಪ ಉದ್ದವಾಗಿದ್ದರೆ ಅದು ತುಡುವೆ.

ಉತ್ತರ: ಖಾನಾಪುರದ ಜೇನು ಕೃಷಿಕ

ನೀವು ಕೊಟ್ಟ ವಿವರದಿಂದ ಇದು ತುಡುವೆ ಜೇನಿನ ಕುಟುಂಬವೆಂದೇ ತೋರುತ್ತದೆ. ಅದನ್ನು ಜೀವಂತವಾಗಿ ತೆಗೆದು ಪೆಟ್ಟಿಗೆಗೆ ಹಾಕಬಹುದು, ಮತ್ತು ಹಾಗೆಯೇ ಮಾಡಬೇಕು.

ಔಷಧಿ ಹೊಡೆದು ಮುಚ್ಚಿದರೆ ಕೆಲಸ ಮುಗಿಯುತ್ತದೆ ಎಂಬ ಮಾತು ನಿಜವಲ್ಲ. ಬದುಕಿರುವ ಹುಳುಗಳು ಬಿಸಿಲಿನಲ್ಲಿ ನೀರು ತಂದು, ರೆಕ್ಕೆ ಬೀಸಿ ಎರಿಗಳನ್ನು ತಂಪಾಗಿಡುತ್ತವೆ. ಹುಳುಗಳು ಸತ್ತ ಮೇಲೆ ಆ ಕಾವಲು ಇಲ್ಲದೆ ಏಪ್ರಿಲ್ ಮೇ ತಿಂಗಳ ಸೆಕೆಗೆ ಮೇಣ ಮೆದುವಾಗಿ, ತುಪ್ಪ ಒಸರಿ ಗೋಡೆಯ ಗಿಲಾವಿನ ಮೇಲೆ ಕಲೆಯಾಗುತ್ತದೆ. ಮರಿಗಳು ಕೊಳೆತು ನಾರುತ್ತವೆ. ಇರುವೆ, ಜಿರಲೆ, ಮೇಣದ ಪತಂಗಗಳು ಸೇರಿಕೊಳ್ಳುತ್ತವೆ. ಸುತ್ತಲಿನ ಬೇರೆ ಗೂಡುಗಳ ಜೇನುಗಳು ಎಲ್ಲಾದರೂ ಸಂದು ಹುಡುಕಿ ಒಳನುಗ್ಗಿ ಆ ವಿಷದ ತುಪ್ಪವನ್ನು ಹೊತ್ತೊಯ್ದರೆ ಅವುಗಳ ಕುಟುಂಬವೂ ನಾಶವಾಗುತ್ತದೆ. ನೀವು ಕೊಲ್ಲುವುದು ಒಂದೇ ಗೂಡನ್ನಲ್ಲ ಎಂಬುದನ್ನು ನೆರೆಯವರಿಗೂ ತಿಳಿಸಿ.

ಈಗ ಕ್ರಮದ ವಿಚಾರ. ಗೋಡೆ ಮುಟ್ಟುವ ಮೊದಲು ಗೂಡು ಎಲ್ಲಿದೆ ಎಂದು ಗುರುತಿಸಬೇಕು. ರಂಧ್ರವಿರುವ ಕಡೆಯೇ ಎರಿಗಳಿರುತ್ತವೆ ಎಂದೇನಿಲ್ಲ, ಒಂದು ಮೊಳದಷ್ಟು ದೂರದಲ್ಲಿಯೂ ಇರಬಹುದು. ಮರಿಗಳಿರುವ ಭಾಗವನ್ನು ಹುಳುಗಳು ಸದಾ 33ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ ಕಾಪಾಡುತ್ತವೆ. ಚಳಿಗಾಲದ ಬೆಳಗಿನ ಜಾವ ಒಳಗೋಡೆಯ ಮೇಲೆ ಅಂಗೈಯಿಟ್ಟು ನಿಧಾನವಾಗಿ ಸರಿಸುತ್ತ ಹೋದರೆ, ಗೋಡೆ ಅಲ್ಲಿ ತೀರಾ ದಪ್ಪವಾಗಿಲ್ಲದಿದ್ದರೆ, ಆ ಬಿಸುಪು ಕೈಗೆ ತಿಳಿಯುತ್ತದೆ. ಮೊರೆತ ಎಲ್ಲಿ ಹೆಚ್ಚು ಕೇಳಿಸುತ್ತದೆಯೋ ಅದನ್ನೂ ಸೀಮೆಸುಣ್ಣದಿಂದ ಗುರುತು ಮಾಡಿ. ಎರಡೂ ಒಂದೇ ಕಡೆ ಬಂದರೆ ಅಲ್ಲಿಯೇ ಕಲ್ಲು ಬಿಡಿಸಬೇಕು. ಮಣ್ಣಿನ ಗಾರೆಯ ಗೋಡೆಯಾದ್ದರಿಂದ ಎರಡು ಮೂರು ಕಲ್ಲುಗಳನ್ನು ಎಬ್ಬಿಸಿದರೆ ಸಾಕಾಗಬಹುದು. ಮೇಲಿನ ಭಾರ ಯಾವುದರ ಮೇಲೆ ನಿಂತಿದೆ ಎಂದು ಬಲ್ಲ ಗೌಂಡಿಯೊಬ್ಬರು ಜೊತೆಗಿರಲೇಬೇಕು. ಆ ಭಾಗದಲ್ಲಿ ವಿದ್ಯುತ್ ತಂತಿ ಹಾದಿದ್ದರೆ ಮೊದಲೇ ಸಂಪರ್ಕ ತಪ್ಪಿಸಿ.

ಬಿಸಿಲು ಇಳಿದು ಇನ್ನೂ ಬೆಳಕಿರುವ ಸಂಜೆ ಈ ಕೆಲಸಕ್ಕೆ ಸೂಕ್ತ. ಹೊಗೆತಿದಿಯಲ್ಲಿ ತೆಂಗಿನ ನಾರು ಅಥವಾ ಒಣ ಬೆರಣಿ ಹಾಕಿ, ಬಿಳಿಯ ತಣ್ಣನೆಯ ಹೊಗೆಯನ್ನು ಸ್ವಲ್ಪವೇ ಬಿಡಬೇಕು. ಹೊಗೆ ತಾಗಿದ ಹುಳುಗಳು ಗೂಡು ಬಿಟ್ಟು ಹೋಗಬೇಕಾದೀತೆಂಬ ಪ್ರವೃತ್ತಿಯಿಂದ ತುಪ್ಪ ಹೀರಿ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಅಲ್ಲದೆ ಚುಚ್ಚಿದ ಹುಳು ಹೊರಸೂಸುವ ಎಚ್ಚರಿಕೆಯ ವಾಸನೆಯನ್ನು ಹೊಗೆ ಮರೆಮಾಡುತ್ತದೆ. ಸೀಮೆಎಣ್ಣೆಯ ಪಂಜು, ಪೆಟ್ರೋಲು, ಗಂಧಕ ಇವುಗಳ ಹತ್ತಿರವೂ ಹೋಗಬಾರದು.

ತುಡುವೆ ಜೇನು ಪರಸ್ಪರ ಸಮಾನಾಂತರವಾಗಿ ಹಲವು ಎರಿಗಳನ್ನು ಕಟ್ಟಿರುತ್ತದೆ. ಒಂದೊಂದನ್ನೇ ಹರಿತವಾದ ಚಾಕುವಿನಿಂದ ಬುಡದಲ್ಲಿ ಕತ್ತರಿಸಿ, ಮರಿಯಿರುವ ಭಾಗವನ್ನು ಪೆಟ್ಟಿಗೆಯ ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಬೇಕು. ಗೂಡಿನಲ್ಲಿ ಯಾವುದು ಮೇಲಿತ್ತೋ ಚೌಕಟ್ಟಿನಲ್ಲಿಯೂ ಅದೇ ಮೇಲಿರಲಿ, ತಲೆಕೆಳಗು ಮಾಡಬೇಡಿ. ತುಪ್ಪ ತುಂಬಿದ ಎರಿಯನ್ನು ಮಾತ್ರ ಚೌಕಟ್ಟಿಗೆ ಕಟ್ಟಬಾರದು. ಅದರ ಭಾರಕ್ಕೆ ಎರಿ ಜಾರಿಬಿದ್ದು ಹುಳು ಮತ್ತು ಮರಿಗಳು ಅಂಟಿನಲ್ಲಿ ಸಿಕ್ಕಿ ಸಾಯುತ್ತವೆ.

ಎಲ್ಲಕ್ಕಿಂತ ಮುಖ್ಯವಾದುದು ರಾಣಿ. ಅವಳು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ, ಸಿಗದಿದ್ದರೆ ಉಳಿದದ್ದೆಲ್ಲ ವ್ಯರ್ಥವಾಗುವ ಸಾಧ್ಯತೆ ಹೆಚ್ಚು. ಬೆಳಕಿಗೆ ಹೆದರಿ ಅವಳು ಮೂಲೆಯ ಕತ್ತಲಲ್ಲಿ ಹುಳುಗಳ ಗೊಂಚಲಿನ ನಡುವೆ ಅಡಗುತ್ತಾಳೆ. ಕೆಲಸಗಾರ ಹುಳುಗಳಿಗಿಂತ ಉದ್ದವಾದ ಹೊಟ್ಟೆ ಮತ್ತು ಗಾಢ ಬಣ್ಣದಿಂದ ಗುರುತಿಸಬಹುದು. ಅವಳನ್ನು ಪೆಟ್ಟಿಗೆಗೆ ಬಿಟ್ಟು, ಬಾಗಿಲಿಗೆ ರಾಣಿತಡೆ ಗೇಟು (ಕೆಲಸಗಾರ ಹುಳುಗಳು ಮಾತ್ರ ನುಸುಳಬಲ್ಲ, ರಾಣಿ ದಾಟಲಾಗದ ಕಿಂಡಿಯ ತಡೆ) ಹಾಕಿದರೆ ಉಳಿದ ಹುಳುಗಳು ಬಾಗಿಲಲ್ಲಿ ನಿಂತು ಹೊಟ್ಟೆ ಎತ್ತಿ ರೆಕ್ಕೆ ಬೀಸಿ ವಾಸನೆ ಹರಡಿ ತಮ್ಮವರನ್ನು ಕರೆಯುತ್ತವೆ. ಆ ಸಾಲು ಒಳಗೆ ನಡೆಯತೊಡಗಿದ್ದನ್ನು ಕಂಡರೆ ರಾಣಿ ಒಳಗಿದ್ದಾಳೆ ಎಂದು ನಂಬಬಹುದು. ಕತ್ತಲಾಗುವವರೆಗೆ ಪೆಟ್ಟಿಗೆಯನ್ನು ಹಳೆಯ ರಂಧ್ರದ ಹತ್ತಿರವೇ ಇಟ್ಟಿರಿ, ಮೇಯಲು ಹೋದ ಹುಳುಗಳೂ ಬಂದು ಸೇರಲಿ. ರಾತ್ರಿ ಬಾಗಿಲಿಗೆ ಜಾಲರಿ ಕಟ್ಟಿ ಸಾಗಿಸಬೇಕು.

ಎಷ್ಟು ದೂರ ಎಂದು ಬಹಳ ಜನ ಕೇಳುತ್ತಾರೆ. ತುಡುವೆ ಹೆಚ್ಚಾಗಿ ಒಂದು, ಒಂದೂವರೆ ಕಿಲೋಮೀಟರ್ ದೂರದೊಳಗೆ ಮೇಯುತ್ತದೆ. ಅದಕ್ಕಿಂತ ಹತ್ತಿರದಲ್ಲಿಟ್ಟರೆ ಮೇಯುವ ಹುಳುಗಳು ಪರಿಚಿತ ಗುರುತುಗಳನ್ನು ಹಿಡಿದು ನಿಮ್ಮ ಗೋಡೆಗೇ ಮರಳಿ ಬರುತ್ತವೆ. ಆದ್ದರಿಂದ ಮೂರು ಕಿಲೋಮೀಟರಿಗಿಂತ ಆಚೆಗೆ ಒಯ್ಯುವುದು ಲೇಸು. ಹೊಸ ಜಾಗದಲ್ಲಿ ಪೆಟ್ಟಿಗೆಗೆ ಮಧ್ಯಾಹ್ನದ ನೆರಳಿರಲಿ, ಕಾಲುಗಳ ಕೆಳಗೆ ನೀರಿನ ಬಟ್ಟಲಿಟ್ಟು ಇರುವೆ ತಡೆಯಿರಿ. ಸಕ್ಕರೆ ಮತ್ತು ನೀರನ್ನು ಸಮಪ್ರಮಾಣದಲ್ಲಿ ಕಲಸಿದ ಪಾಕವನ್ನು ಕೆಲವು ದಿನ ಕೊಡಿ. ತುಡುವೆಗೆ ಪರಾರಿಯಾಗುವ ಸ್ವಭಾವ ಹೆಚ್ಚು. ಹುಳುಗಳು ಕಾಲಿನಲ್ಲಿ ಪರಾಗ ಹೊತ್ತು ಒಳಹೋಗುವುದು ಕಾಣಿಸುವವರೆಗೆ ರಾಣಿತಡೆ ಗೇಟನ್ನು ತೆಗೆಯಬೇಡಿ.

ಕಾಲದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಇದಕ್ಕೆ ಕೈಹಾಕಬಾರದು. ನಮ್ಮ ಖಾನಾಪುರ, ಬೆಳಗಾವಿಯ ಜಡಿಮಳೆಯಲ್ಲಿ ಹುಳುಗಳಿಗೆ ಹೊರಹೋಗಲಾಗದು, ತುಪ್ಪದ ದಾಸ್ತಾನನ್ನೂ ನೀವು ಕಿತ್ತಿರುತ್ತೀರಿ, ಕುಟುಂಬ ಹಸಿವಿನಿಂದ ಸಾಯುತ್ತದೆ. ಮಳೆ ನಿಂತು ಹೂವು ಸಿಗುವ ಚಳಿಗಾಲದಿಂದ ಬೇಸಿಗೆಯ ಆರಂಭದವರೆಗಿನ ಅವಧಿ ಒಳ್ಳೆಯದು.

ಇನ್ನೊಂದು ಎಚ್ಚರಿಕೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಭಾಗವನ್ನು ನಾಶಮಾಡಿತು, ಆ ರೋಗ ಇಂದಿಗೂ ಪೂರ್ತಿ ಅಳಿದಿಲ್ಲ. ಎರಿಯ ಕೋಣೆಗಳಲ್ಲಿ ಮರಿಗಳು ನೀರು ತುಂಬಿದ ಚೀಲದಂತೆ ಸತ್ತು ಬಿದ್ದಿದ್ದರೆ ಆ ಕುಟುಂಬವನ್ನು ಯಾವ ಜೇನು ಸಾಕಣೆದಾರರ ಪೆಟ್ಟಿಗೆಗಳ ಪಕ್ಕದಲ್ಲಿಯೂ ಇಡಬಾರದು.

ಈ ಕೆಲಸವನ್ನು ಪುಸ್ತಕ ಓದಿ ಒಬ್ಬರೇ ಮಾಡಬೇಡಿ. ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ, ಇಲ್ಲವೇ ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಗೋಕಾಕ ಕಡೆಯವರಾದರೆ ಅರಭಾವಿಯ ತೋಟಗಾರಿಕಾ ಮಹಾವಿದ್ಯಾಲಯದಲ್ಲಿ ವಿಚಾರಿಸಿ, ಹತ್ತಿರದ ಜೇನು ಸಾಕಣೆದಾರರ ಪರಿಚಯ ಸಿಗಬಹುದು. ಪೆಟ್ಟಿಗೆಗೆ ಕುಟುಂಬ ಬೇಕಾದವರು ಎಷ್ಟೋ ಜನ ಇದ್ದಾರೆ, ಅವರಿಗೆ ಇದು ಹೊರೆಯಲ್ಲ.

ಉತ್ತರ: ಶುಶ್ರೂಷಕಿ, ಚಿಕ್ಕೋಡಿ

ಮೇಲಿನ ಮಾಹಿತಿಗೆ ಆರೋಗ್ಯದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಕೆಲಸದ ದಿನ ಮಕ್ಕಳು, ವೃದ್ಧರು, ಕಟ್ಟಿಹಾಕಿದ ದನಕರುಗಳು ಮತ್ತು ನಾಯಿಗಳನ್ನು ದೂರವಿಡಿ. ಮೊದಲೊಮ್ಮೆ ಜೇನು ಚುಚ್ಚಿದಾಗ ಮೈಯೆಲ್ಲ ದದ್ದು ಬಂದವರು ಅಥವಾ ಉಸಿರು ಕಟ್ಟಿದವರು ಯಾವ ಕಾರಣಕ್ಕೂ ಹತ್ತಿರ ಬರಬಾರದು. ಚುಚ್ಚಿದ ಮುಳ್ಳಿನ ಜೊತೆಯಲ್ಲಿ ವಿಷದ ಚೀಲವೂ ಚರ್ಮದಲ್ಲಿ ಉಳಿದು ಸ್ವಲ್ಪ ಹೊತ್ತು ವಿಷ ತಳ್ಳುತ್ತಲೇ ಇರುತ್ತದೆ. ಉಗುರಿನಿಂದ ಕೆರೆದೋ ಕಿತ್ತೋ ಹೇಗಾದರೂ ಸರಿ, ತಕ್ಷಣ ತೆಗೆಯುವುದು ಮುಖ್ಯ. ಸುಣ್ಣ ಹಚ್ಚುತ್ತ ಕೂರಬೇಡಿ. ತುಟಿ, ನಾಲಿಗೆ ಊದುವುದು, ಧ್ವನಿ ಬದಲಾಗುವುದು, ಉಸಿರಾಟದ ತೊಂದರೆ, ತಲೆಸುತ್ತು ಕಂಡರೆ 108ಕ್ಕೆ ಕರೆಮಾಡಿ. ಅಂಥವರಿಗೆ ಬೇಕಾಗುವುದು ಅಡ್ರಿನಾಲಿನ್ ಚುಚ್ಚುಮದ್ದು, ಅದು ತಡವಾಗಬಾರದು. ಅಲರ್ಜಿಯಿಲ್ಲದವರಿಗೂ ಒಮ್ಮೆಲೇ ಹತ್ತಾರು ಕಡೆ ಚುಚ್ಚಿದ್ದರೆ ಆಸ್ಪತ್ರೆಗೆ ತೋರಿಸಲೇಬೇಕು. ಮೂತ್ರಪಿಂಡದ ಮೇಲಿನ ಪರಿಣಾಮ ಗಂಟೆಗಳ ನಂತರ ಕಾಣಿಸಬಹುದು, ಮೂತ್ರ ಕಪ್ಪಾಗುವುದು ಅದರ ಲಕ್ಷಣ.

ಉತ್ತರ: ವಿಜಯಪುರದ ವಸತಿ ಸಂಕೀರ್ಣದ ನಿವಾಸಿ

ನಿಮ್ಮದು ತುಡುವೆಯಾದರೂ, ಇದೇ ಪ್ರಶ್ನೆ ಹುಡುಕಿ ಬರುವವರಲ್ಲಿ ಹೆಜ್ಜೇನಿನ ತೊಂದರೆಯವರೂ ಇರುತ್ತಾರೆ ಎಂದು ಬರೆಯುತ್ತಿದ್ದೇನೆ. ನಮ್ಮ ಬಯಲುಸೀಮೆಯಲ್ಲಿ ಸೂರ್ಯಕಾಂತಿ ಮತ್ತಿತರ ಹಿಂಗಾರಿ ಬೆಳೆಗಳು ಹೂಬಿಡುವ ಹೊತ್ತಿಗೆ ಹೆಜ್ಜೇನು ಬಂದು ನೀರಿನ ತೊಟ್ಟಿ, ಎತ್ತರದ ಸಜ್ಜಾ, ಬಾಲ್ಕನಿಗಳ ಅಡಿಯಲ್ಲಿ ನೆಲೆಯೂರುತ್ತದೆ. ಇದನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಹೂವು ಮುಗಿದ ಮೇಲೆ ಅದು ತಾನಾಗಿಯೇ ವಲಸೆ ಹೋಗುತ್ತದೆ. ಜನರ ಓಡಾಟವಿಲ್ಲದ ಎತ್ತರದಲ್ಲಿದ್ದರೆ ಹೋಗುವವರೆಗೆ ಕಾಯುವುದೇ ನಿಜವಾದ ಪರಿಹಾರ ಎಂಬುದು ನನ್ನ ನಂಬಿಕೆ. ಬಂದು ಕೆಲವೇ ದಿನಗಳಾಗಿ ಎರಿ ಇನ್ನೂ ಬೆಳ್ಳಗಿದ್ದರೆ, ಮರಿ ಇಲ್ಲದ ಕಾರಣ, ಬಲ್ಲವರು ಹದವಾದ ಹೊಗೆಯಿಂದ ಅದನ್ನು ಬೇರೆಡೆಗೆ ಎಬ್ಬಿಸಬಹುದು. ಮರಿ ಬಿದ್ದ ಮೇಲೆ ಅದು ಸುಲಭವಾಗಿ ಕದಲುವುದಿಲ್ಲ, ಬಲವಂತ ಮಾಡಿದರೆ ಇಡೀ ಓಣಿಯ ಮೇಲೆರಗುತ್ತದೆ.

ಹೆಜ್ಜೇನು ರಾತ್ರಿಯೂ ಬೆಳಕಿಗೆ ಹಾರಿಬರುತ್ತದೆ. ಗೂಡಿನ ಹತ್ತಿರದ ಬಾಲ್ಕನಿಯ ದೀಪ ಆರಿಸಿ, ಕಿಟಕಿಗೆ ಪರದೆ ಎಳೆಯುವುದರಿಂದಲೇ ನಮ್ಮಲ್ಲಿ ಹೆಚ್ಚಿನ ದೂರುಗಳು ನಿಂತವು. ಕೆಳಗೆ ಕಸ ಸುಡುವುದು, ಪಟಾಕಿ ಹಾರಿಸುವುದು, ಕಲ್ಲೆಸೆಯುವುದು ನಿಲ್ಲಬೇಕು. ಜೇನು ಎದ್ದರೆ ಮುಖ ಮುಚ್ಚಿಕೊಂಡು ಓಡಿ ಮನೆಯೊಳಗೆ ಸೇರಿ ಬಾಗಿಲು ಹಾಕಬೇಕು. ನೀರಿಗೆ ಜಿಗಿದರೆ ಅವು ಮೇಲೆಯೇ ಸುತ್ತುತ್ತ ಕಾಯುತ್ತವೆ. ವಲಸೆ ಹೋದ ಬಳಿಕ ಎರಿಯ ಅಂಟನ್ನು ಪೂರ್ತಿ ಕೆರೆದು ಬಣ್ಣ ಬಳಿಯಿರಿ, ಇಲ್ಲವೇ ಬಲೆ ಕಟ್ಟಿಸಿ, ಏಕೆಂದರೆ ವರ್ಷ ಬಿಟ್ಟು ಅದೇ ಜಾಗಕ್ಕೆ ಮರಳುವುದು ಅವುಗಳ ಸ್ವಭಾವ.

ಮರುಪ್ರಶ್ನೆ: ಶಹಾಪುರ ಹಳೆಮನೆ, ಬೆಳಗಾವಿ

ಎಲ್ಲರಿಗೂ ಕೃತಜ್ಞತೆಗಳು. ಟಾರ್ಚು ಹಾಕಿ ನೋಡಿದಾಗ ಪಟ್ಟೆಯಿರುವ ಹುಳುಗಳೂ ಒಂದರ ಹಿಂದೊಂದು ಎರಿಗಳ ಅಂಚೂ ಕಂಡವು, ತುಡುವೆ ಎಂಬುದರಲ್ಲಿ ಸಂಶಯವಿಲ್ಲ. ಸಿಂಪಡಿಸುವವರಿಗೆ ಬೇಡವೆಂದು ತಿಳಿಸಿದ್ದೇವೆ. ಆದರೆ ಗೌಂಡಿ ಗೋಡೆಯನ್ನು ನೋಡಿ, ಬಿಸುಪು ತಿಳಿಯುವ ಜಾಗದ ಮೇಲೆಯೇ ಮಾಡಿನ ತೊಲೆ ಕುಳಿತಿರುವುದರಿಂದ ಕಲ್ಲು ಎಬ್ಬಿಸುವುದು ಕ್ಷೇಮವಲ್ಲ ಎಂದಿದ್ದಾರೆ. ಗೋಡೆ ಒಡೆಯದೆ ಬೇರೆ ದಾರಿಯಿದೆಯೇ?

ಉತ್ತರ: ಖಾನಾಪುರದ ಜೇನು ಕೃಷಿಕ

ಇದೆ, ಆದರೆ ನಿಧಾನ, ಮತ್ತು ಮೊದಲ ವಿಧಾನದಷ್ಟು ಸಮಾಧಾನಕರವಲ್ಲ. ರಂಧ್ರಕ್ಕೆ ತಂತಿ ಜಾಲರಿಯ ಶಂಕುವೊಂದನ್ನು, ಅಗಲವಾದ ಬಾಯಿ ಗೋಡೆಗೆ ಅಂಟಿಕೊಳ್ಳುವಂತೆಯೂ ಕಿರಿದಾದ ತುದಿ ಹೊರಗೆ ಚಾಚಿ ಒಂದು ಹುಳು ಮಾತ್ರ ನುಸುಳುವಂತೆಯೂ ಕೂರಿಸಬೇಕು. ಉಳಿದ ಸಂದುಗಳನ್ನೆಲ್ಲ ಮುಚ್ಚಬೇಕು. ಹೊರಬಂದ ಹುಳು ಮರಳಿದಾಗ ಶಂಕುವಿನ ಬುಡದಲ್ಲಿ ದಾರಿ ಹುಡುಕುತ್ತದೆಯೇ ಹೊರತು ಶಂಕುವಿನ ತುದಿಯಿಂದ ಒಳಹೋಗಲಾರದು. ಶಂಕುವಿನ ಪಕ್ಕದಲ್ಲಿಯೇ, ಬೇರೊಂದು ಆರೋಗ್ಯವಂತ ತುಡುವೆ ಕುಟುಂಬದಿಂದ ತಂದ ಮೊಟ್ಟೆ ಮತ್ತು ಎಳೆಮರಿಗಳಿರುವ ಎರಿಯನ್ನು ಹಾಕಿದ ಪೆಟ್ಟಿಗೆ ಇಟ್ಟರೆ ಹುಳುಗಳು ಅದರೊಳಗೆ ಸೇರಿ, ಆ ಮೊಟ್ಟೆಗಳಿಂದಲೇ ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ. ಗೋಡೆಯೊಳಗಿನ ಮರಿಗಳೆಲ್ಲ ಹುಳುವಾಗಿ ಹೊರಬರಲು ಮೂರು ವಾರಕ್ಕೂ ಹೆಚ್ಚು ಬೇಕು, ಒಟ್ಟು ಒಂದೂವರೆ ತಿಂಗಳು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಹಳೆಯ ರಾಣಿ ಹೆಚ್ಚಾಗಿ ಹೊರಬರುವುದಿಲ್ಲ. ಅದೊಂದು ನಷ್ಟವನ್ನು ಒಪ್ಪಿಕೊಂಡೇ ಈ ದಾರಿ ಹಿಡಿಯಬೇಕು. ಅಷ್ಟು ದಿನ ರಂಧ್ರದ ಮುಂದೆ ಬಿದಿರಿನ ತಟ್ಟಿ ನಿಲ್ಲಿಸಿದರೆ ಹುಳುಗಳು ಆಳೆತ್ತರ ಮೀರಿ ಹಾರುತ್ತವೆ, ಮಕ್ಕಳ ಹಾದಿಗೆ ಅಡ್ಡ ಬರುವುದಿಲ್ಲ.

ಒಳಗೆ ಸದ್ದು ಪೂರ್ತಿ ನಿಂತ ಮೇಲೆ ಶಂಕು ತೆಗೆದು, ಪೆಟ್ಟಿಗೆಯ ಹುಳುಗಳೇ ಹಳೆಯ ತುಪ್ಪವನ್ನು ಹೊತ್ತು ತರಲು ಕೆಲವು ದಿನ ಬಿಡಿ. ಆನಂತರ ಪೆಟ್ಟಿಗೆಯನ್ನು ರಾತ್ರಿ ಸಾಗಿಸಿ, ಉದ್ದನೆಯ ಕಂಬಿಯಿಂದ ಕೈಗೆಟುಕಿದಷ್ಟು ಮೇಣ ಎಳೆದು, ರಂಧ್ರವನ್ನು ಸುಣ್ಣದ ಗಾರೆಯಿಂದ ಆಳದವರೆಗೂ ತುಂಬಿಸಿ. ಮೇಣದ ವಾಸನೆ ಉಳಿದಿರುವ ಪೊಳ್ಳು ಮುಂದಿನ ಹಿಂಡನ್ನು ಕರೆಯುತ್ತದೆ. ಮನೆಯ ಸುತ್ತ ಕಡಲೆಕಾಳು ತೂರುವಷ್ಟು ಸಂದು ಎಲ್ಲಿದ್ದರೂ, ಮೀಟರ್ ಪೆಟ್ಟಿಗೆ, ಬಳಸದ ಕೊಳವೆ, ಹಂಚಿನ ಕೆಳಗಿನ ಮರದ ಪೊಳ್ಳು ಸೇರಿದಂತೆ, ಅದೇ ವೇಳೆಗೆ ಮುಚ್ಚಿಸಿ. ಎರಿ ಕೊಡಲು ನನ್ನಲ್ಲಿ ಕುಟುಂಬಗಳಿವೆ. ಸಂಕ್ರಾಂತಿ ಕಳೆದ ಮೇಲೆ ಯಾವ ವಾರ ಅನುಕೂಲವೆಂದು ಇಲ್ಲಿಯೇ ತಿಳಿಸಿದರೆ ಜಾಲರಿ ಮತ್ತು ಪೆಟ್ಟಿಗೆ ತೆಗೆದುಕೊಂಡು ಬರುತ್ತೇನೆ.