ಪಾಪುವಿನ ಕಿಡ್ನಿ ಸ್ಕ್ಯಾನ್ ಬಗ್ಗೆ ಪುಟ್ಟಿಗೆ

ಪುಟ್ಟಿ, ನಿನ್ನ ಮೆಸೇಜು ಈಗ ಕೇಳಿದೆ. 20ನೇ ವಾರದ ಸ್ಕ್ಯಾನಿಂಗಿನಲ್ಲಿ ಪಾಪುವಿನ ಬಲಗಡೆ ಕಿಡ್ನಿ ಹಿಗ್ಗಿದೆ, 5 ಮಿಲಿಮೀಟರ್ ಅಂದಿದ್ದಾರೆ ಅಂತ ಅತ್ತುಬಿಟ್ಟಿದ್ದೀಯ. ನನ್ನ ದೊಡ್ಡ ಮಗನಿಗೂ ಹೀಗೇ ಆಗಿತ್ತು ಕಣೇ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಆ 5 ಅನ್ನುವುದು ಇಡೀ ಕಿಡ್ನಿಯ ಊತ ಅಲ್ಲ. ಕಿಡ್ನಿಯ ಒಳಗೆ ಮೂತ್ರ ಬಂದು ಸೇರುವ ಪುಟ್ಟ ಜಾಗ ಇರುತ್ತದೆ, ಅದರ ಅಳತೆ. ಈಗ 4ರೊಳಗೆ ಇದ್ದರೆ ನಾರ್ಮಲ್. 4 ದಾಟಿ 7ರೊಳಗಿದ್ದು ಬೇರೇನೂ ತೊಂದರೆ ಕಾಣದಿದ್ದರೆ ಅಪಾಯ ಕಡಿಮೆ. 28 ವಾರ ಆದ ಮೇಲೆ 7ರೊಳಗಿದ್ದರೂ ನಾರ್ಮಲ್ಲೇ. ಅದಕ್ಕೇ ವಾರ ನೋಡದೆ ಬರೀ ಅಂಕಿ ನೋಡಿ ಹೆದರಬೇಡ. 32 ವಾರ ಆದ ಮೇಲೆ ಬನ್ನಿ ಅಂದಿದ್ದಾರಲ್ಲ, ಸರಿಯಾಗಿಯೇ ಹೇಳಿದ್ದಾರೆ. ಪಾಪುವಿನ ಸುತ್ತ ನೀರು ಚೆನ್ನಾಗಿದೆ ಅಂತಲೂ ಬರೆದಿದ್ದಾರೆ, ಅಲ್ವಾ? ಆ ನೀರಿನಲ್ಲಿ ಹೆಚ್ಚಿನ ಪಾಲು ಪಾಪುವಿನ ಮೂತ್ರವೇ. ಅದು ಒಳ್ಳೆಯ ಸುದ್ದಿ.

ದೊಡ್ಡಮ್ಮ, ನೀವೂ ಇದನ್ನು ಕೇಳಿ, ಪುಟ್ಟಿಗೆ ಬಾರ್ಲಿ ನೀರು ಕುಡಿಸಿ ಅಂದಿರಿ. ಕುಡಿಯಲಿ, ಬೇಡ ಅನ್ನುವುದಿಲ್ಲ. ಆದರೆ ಅದರಿಂದ ಇದು ಇಳಿಯುವುದಿಲ್ಲ. ಅವಳು ಏನೋ ತಿಂದು ಬಂದದ್ದೂ ಅಲ್ಲ, ದಯವಿಟ್ಟು ಯಾರೂ ಹಾಗೆ ಹೇಳಬೇಡಿ. ಇಷ್ಟು ಸಣ್ಣದಾಗಿ ಹಿಗ್ಗಿದ್ದು ಹೆಚ್ಚಿನ ಮಕ್ಕಳಲ್ಲಿ ತಾನಾಗೇ ಸರಿಹೋಗುತ್ತದೆ. ಕೆಲವರಿಗೆ ಮಾತ್ರ ಮೂತ್ರದ ದಾರಿ ಕಟ್ಟಿರುತ್ತದೆ, ಇಲ್ಲವೇ ಮೂತ್ರ ವಾಪಸ್ ಮೇಲಕ್ಕೆ ಹೋಗುತ್ತಿರುತ್ತದೆ. ಅವರನ್ನು ಗುರುತಿಸಲು ಮತ್ತೆ ಮತ್ತೆ ನೋಡುತ್ತಾರೆ.

ನಾವು ಎಡವಿದ್ದು ಹೆರಿಗೆ ಆದ ಮೇಲೆ. ಹುಟ್ಟಿದ ಮಾರನೇ ದಿನವೇ ಸ್ಕ್ಯಾನ್ ಮಾಡಿ ನಾರ್ಮಲ್ ಅಂದರು. ಖುಷಿಯಲ್ಲಿ ಊರಿಗೆಲ್ಲ ಫೋನು ಮಾಡಿದೆವು. ಮಕ್ಕಳ ಡಾಕ್ಟರು ಹಳೇ ರಿಪೋರ್ಟು ನೋಡಿ ಹತ್ತನೇ ದಿನ ಮತ್ತೆ ಮಾಡಿಸಿದರೆ 9 ಮಿಲಿಮೀಟರ್! ಮೊದಲ ಎರಡು ದಿನ ಮಗುವಿಗೆ ಮೂತ್ರವೇ ಕಡಿಮೆ, ಹಿಗ್ಗಿದ್ದರೂ ಸರಿಯಾಗಿ ಕಾಣುವುದಿಲ್ಲವಂತೆ. ಹಾಗಾಗಿ 32ರ ಸ್ಕ್ಯಾನಿನಲ್ಲೂ ಹಿಗ್ಗಿದ್ದರೆ, ಹುಟ್ಟಿ 48 ಗಂಟೆ ಕಳೆದ ಮೇಲೆ, ತಿಂಗಳೊಳಗೆ ಸ್ಕ್ಯಾನ್ ಆಗಲೇಬೇಕು. ಜಾಸ್ತಿ ಇದ್ದರೆ ಡಾಕ್ಟರೇ ಇನ್ನೂ ಬೇಗ ಮಾಡಿಸುತ್ತಾರೆ. ದೊಡ್ಡಮ್ಮ, ಆಗ ಬಾಣಂತಿ, ಹಸುಗೂಸು ಹೊಸಿಲು ದಾಟಬಾರದು ಅಂತ ತಡೆಯಬೇಡಿ, ಕೈಮುಗಿಯುತ್ತೇನೆ.

ನಮ್ಮವನಿಗೆ ಆಪರೇಷನ್ ಬೇಕಾಗಲಿಲ್ಲ, ಎರಡು ವರ್ಷದೊಳಗೆ ಸರಿಹೋಯಿತು. ಪುಟ್ಟಿ, ಈ ರಿಪೋರ್ಟು ಜೋಪಾನವಾಗಿ ಇಡು, ಮುಂದಿನ ಸ್ಕ್ಯಾನಿಗೆ ತಗೊಂಡು ಹೋಗಬೇಕು. ತಾರೀಖು ಗೊತ್ತಾದ ಕೂಡಲೇ ಹೇಳು, ನಾನೂ ಜೊತೆಗೆ ಬರುತ್ತೇನೆ.