ಈಜು ಬಾರದ ಮಗನನ್ನು ವೇಕ್‌ಬೋರ್ಡಿಂಗ್‌ಗೆ ಬಿಡಬಹುದೇ?

ಉಡುಪಿಯ ಅಮ್ಮ: ಡಿಸೆಂಬರ್ ರಜೆಗೆ ದುಬೈಯಲ್ಲಿರುವ ತಮ್ಮನ ಮನೆಗೆ ಹೊರಟಿದ್ದೇವೆ. ಗಾಳಿ ತುಂಬಿದ ತೇಲುವ ಪಾರ್ಕ್‌ಗೂ, ಹಲಗೆಯ ಮೇಲೆ ನಿಂತು ನೀರಿನ ಮೇಲೆ ಎಳೆಸಿಕೊಂಡು ಹೋಗುವ ವೇಕ್‌ಬೋರ್ಡಿಂಗ್‌ಗೂ ಟಿಕೆಟ್ ತೆಗೆಸುತ್ತೇನೆ ಎಂದು ಅವನ ಹಟ. ಹನ್ನೊಂದು ವರ್ಷದ ಮಗನಿಗೆ ಮಲ್ಪೆಯಲ್ಲಿ ಮೊಣಕಾಲಿನವರೆಗಿನ ನೀರಷ್ಟೇ ಗೊತ್ತು. ಲೈಫ್ ಜಾಕೆಟ್ ಸಾಕೇ?

ಸುರತ್ಕಲ್ಲಿನವ: ಸಾಲದು ಅಕ್ಕ. ಜಾಕೆಟ್ ತೇಲಿಸುತ್ತದೆ, ಗಾಬರಿಯನ್ನು ನಿಲ್ಲಿಸುವುದಿಲ್ಲ. ಈಗಲೇ ಅಜ್ಜರಕಾಡಿನ ಈಜುಕೊಳಕ್ಕೆ ಸೇರಿಸಿ, ಬೆನ್ನ ಮೇಲೆ ತೇಲುವುದನ್ನಾದರೂ ಕಲಿಯಲಿ. ಜಾಕೆಟ್ಟಿನ ಭುಜ ಹಿಡಿದು ಮೇಲೆಳೆಯಿರಿ. ಅದು ಕಿವಿಯವರೆಗೆ ಬಂದರೆ ಸಡಿಲ ಎಂದರ್ಥ.

ವೇಕ್‌ಬೋರ್ಡಿನಲ್ಲಿ ಎರಡೂ ಪಾದಗಳನ್ನು ಬೂಟಿನೊಳಗೆ ಬಿಗಿಯುತ್ತಾರೆ. ಹಗ್ಗದ ತುದಿಯ ಹಿಡಿಯನ್ನು ಹಿಡಿದವರನ್ನು ದೋಣಿ ಅಥವಾ ಕೇಬಲ್ ಎಳೆಯುತ್ತದೆ. ಹೊಸಬರು ಮಾಡುವುದೆಲ್ಲ ಒಂದೇ: ಅವಸರದಿಂದ ಎದ್ದು ನಿಲ್ಲುವುದು, ಹಿಡಿಯನ್ನು ಎದೆಗೆ ಸೆಳೆಯುವುದು, ಮುಗ್ಗರಿಸುವುದು. ಕೈ ನೀಳವಾಗಿರಲಿ, ಮೊಣಕಾಲು ಮಡಿಸಿರಲಿ, ಹಗ್ಗವೇ ಎಬ್ಬಿಸುತ್ತದೆ. ಬೀಳುವಾಗ ಹಿಡಿ ಬಿಟ್ಟುಬಿಡಬೇಕು! ಗಂಡುಮಕ್ಕಳು ಮಾನಕ್ಕಾಗಿ ಬಿಡುವುದೇ ಇಲ್ಲ.

ಮೂಲ್ಕಿ ನಿವಾಸಿ: ಅಲೆಯ ಆಟಕ್ಕೆ ದುಬೈ ಏಕೆ? 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆದದ್ದು ನಮ್ಮ ಸಸಿಹಿತ್ಲು ಕಡಲತೀರದಲ್ಲಿ. ಶಾಂಭವಿ ಹೊಳೆಯಲ್ಲಿ ನಿಂತು ಹುಟ್ಟು ಹಾಕುವ ಹಲಗೆಯಿಂದ ಶುರುಮಾಡಿ, ಸಮತೋಲನ ಅಲ್ಲೇ ಬರುತ್ತದೆ.

ಉಡುಪಿಯ ಅಮ್ಮ: ನನ್ನ ತಮ್ಮ ಆಗಲೇ ಟಿಕೆಟ್ ತೆಗೆದಿದ್ದಾನಂತೆ. ತೇಲುವ ಪಾರ್ಕ್‌ನಲ್ಲಿ ಏನು ಉಡಿಸಲಿ?

ಸುರತ್ಕಲ್ಲಿನವ: ಉದ್ದ ತೋಳಿನ ಈಜುಡುಗೆ. ಒದ್ದೆ ಪ್ಲಾಸ್ಟಿಕ್ಕಿಗೆ ಉಜ್ಜಿ ಮೊಣಕೈ ತರಚುತ್ತದೆ. ಕೊರಳ ಸರ, ಉಡಿದಾರ ತೆಗೆದಿಡಿ. ತಮ್ಮನನ್ನೂ ಜೊತೆಗೆ ನೀರಿಗಿಳಿಸಿ. ದಡದಲ್ಲಿ ಫೋಟೊ ತೆಗೆಯುವವರು ಬೇಕಾದಷ್ಟು ಸಿಗುತ್ತಾರೆ.