ಕನ್ನಡ ಮಾಸ್ತರನ್ನ ಕೇಳಿ: ವಚನ, ತ್ರಿಪದಿ, ಷಟ್ಪದಿ, ಸಣ್ಣಕತೆ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ಪಿಯು ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡಿ, ಎರಡು ವರ್ಷದ ಹಿಂದೆ ನಿವೃತ್ತನಾದವನು ನಾನು. ಸಾಹಿತ್ಯ ಪ್ರಕಾರಗಳ ಬಗ್ಗೆ ಯಾರು ಏನು ಕೇಳಿದರೂ ಇವತ್ತು ಉತ್ತರ ಕೊಡಬೇಕು ಅಂತ ಅಡ್ಮಿನ್ ಕೂರಿಸಿದ್ದಾರೆ. ಒಂದೇ ಷರತ್ತು. "ವ್ಯಾಖ್ಯೆ ಬರೆದು ಕೊಡಿ ಸರ್" ಅನ್ನಬೇಡಿ. ಅದು ಗೈಡಿನಲ್ಲಿದೆ.

ಪ್ರಶ್ನೆ (ಜಮಖಂಡಿ, ಪಿಯುಸಿ ವಿದ್ಯಾರ್ಥಿನಿ): ಸರ್, ವಚನ ಗದ್ಯವೋ ಪದ್ಯವೋ? ನಮ್ಮ ನೋಟ್ಸಿನಲ್ಲಿ ಒಂದು ಕಡೆ ಗದ್ಯ ಅಂತಿದೆ, ಇನ್ನೊಂದು ಕಡೆ ಪದ್ಯ ಅಂತಿದೆ. ಪರೀಕ್ಷೆಯಲ್ಲಿ ಯಾವುದು ಬರೆಯಲಿ?

ಉತ್ತರ: ತಂಗಿ, ನೋಟ್ಸ್ ಮಾಡಿದವರ ತಪ್ಪಿಲ್ಲ. ಗಣ (ಅಕ್ಷರಗಳ ಗುಂಪು), ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ) ಹಿಡಿದು ಅಳೆಯಲು ಹೋದರೆ ವಚನ ಪದ್ಯ ಅಲ್ಲ. ಸಾಲುಗಳ ಉದ್ದಕ್ಕೆ ಲೆಕ್ಕವಿಲ್ಲ, ಪ್ರಾಸ ಬೇಕೇ ಬೇಕು ಅಂತಿಲ್ಲ. ಆದರೆ ಗಟ್ಟಿಯಾಗಿ ಓದಿ ನೋಡು. ಒಂದೇ ರೀತಿಯ ವಾಕ್ಯ ಮತ್ತೆ ಮತ್ತೆ ಬರುತ್ತದೆ, ಒಂದರ ಪಕ್ಕ ಒಂದು ಹೋಲಿಕೆ ನಿಲ್ಲುತ್ತದೆ, ಕೊನೆಗೆ ಅಂಕಿತ, ಅಂದರೆ ವಚನಕಾರರ ಇಷ್ಟದೇವರ ಹೆಸರು, ಬಂದು ಮಾತು ಇಳಿಯುತ್ತದೆ. ಆ ಲಯ ಗದ್ಯದ್ದಲ್ಲ. ಬಸವಣ್ಣನೇ ಇದಕ್ಕೆ ಉತ್ತರ ಕೊಟ್ಟುಬಿಟ್ಟಿದ್ದಾನೆ. ತಾಳ ಗೊತ್ತಿಲ್ಲ, ಗಣ ಗೊತ್ತಿಲ್ಲ ಎಂದು ಹೇಳಿ "ಆನು ಒಲಿದಂತೆ ಹಾಡುವೆ" ಅಂದ. ಹಾಡುವೆ ಅಂದಿದ್ದಾನೆ, ಓದುವೆ ಅಂದಿಲ್ಲ. ಪರೀಕ್ಷೆಯಲ್ಲಿ "ಛಂದಸ್ಸಿನ ಕಟ್ಟಿಲ್ಲದ, ಆದರೆ ಲಯವಿರುವ, 12ನೇ ಶತಮಾನದಲ್ಲಿ ಬೆಳೆದ ಸ್ವತಂತ್ರ ಪ್ರಕಾರ" ಅಂತ ಬರಿ. ಯಾರೂ ಅಂಕ ಕಳೆಯುವುದಿಲ್ಲ.

ಇನ್ನೊಂದು ಮಾತು. ಕೊನೆಗೆ "ಕೂಡಲಸಂಗಮದೇವ" ಅಂತ ಇದ್ದಮಾತ್ರಕ್ಕೆ ಅದು ಬಸವಣ್ಣನ ವಚನ ಅಲ್ಲ. ಬೆಳಗಾದರೆ ವಾಟ್ಸಾಪಿನಲ್ಲಿ ಬರುವ ಅರ್ಧದಷ್ಟು ನನಗೆ ಅನುಮಾನವೇ. ವಿಜಯಪುರದಲ್ಲಿ ಕುಳಿತು ಫ.ಗು. ಹಳಕಟ್ಟಿಯವರು ತಾಳೆಗರಿ ಹುಡುಕಿ ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರ ಅನ್ನುವ ವಚನ ಸಂಗ್ರಹ ಅಚ್ಚು ಹಾಕಿಸಿದರು. ಅಷ್ಟು ಕಷ್ಟಪಟ್ಟದ್ದು ಇಂಥ ಗೊಂದಲ ತಪ್ಪಲಿ ಅಂತಲೂ ಹೌದು, ಅಲ್ವಾ?

ಪ್ರಶ್ನೆ (ಇಂಡಿ ತಾಲೂಕು, ಶಿಕ್ಷಕಿ): ನಮ್ಮ ಅಜ್ಜಿ ಬೀಸುವ ಪದ ಹಾಡುತ್ತಾಳೆ. ಅದು ತ್ರಿಪದಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅವಳು ಹಾಡಿದ್ದನ್ನು ಬರೆದುಕೊಂಡರೆ ನಾಲ್ಕು ಸಾಲು ಬರುತ್ತದೆ! ನಾನು ತಪ್ಪಾ, ಅಜ್ಜಿ ತಪ್ಪಾ?

ಉತ್ತರ: ಇಬ್ಬರೂ ಸರಿ, ಅಕ್ಕಾವ್ರೆ. ಇವತ್ತಿನ ಒಳ್ಳೆಯ ಪ್ರಶ್ನೆ ಇದೇ. ತ್ರಿಪದಿಗೆ ಮೂರು ಸಾಲು, ಒಟ್ಟು 11 ಗಣ. ಮೊದಲ ಸಾಲಿಗೆ ನಾಲ್ಕು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು. ಇದು ಬರಹದ ಲೆಕ್ಕ. ಹಾಡುವಾಗ ಎರಡನೇ ಸಾಲನ್ನೋ ಅದರ ಕೊನೆಯ ತುಂಡನ್ನೋ ಮತ್ತೊಮ್ಮೆ ಎತ್ತಿಕೊಂಡು ಮೂರನೆಯದಕ್ಕೆ ಹೋಗುತ್ತಾರೆ. ಬೀಸುವ ಕೈ ಸುತ್ತು ಮುಗಿಸಬೇಕಲ್ಲ, ಉಸಿರೂ ಹಿಡಿಯಬೇಕಲ್ಲ. ಅದಕ್ಕೇ ನಿಮ್ಮ ಕಿವಿಗೆ ನಾಲ್ಕು ಸಾಲು.

ಹೀಗೆ ಮಾಡಿ. ಅಜ್ಜಿ ಹಾಡಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಮೊದಲು ಹಾಡಿದ ಹಾಗೇ ಪೂರ್ತಿ ಬರೆಯಿರಿ. ಆಮೇಲೆ ಮರುಕಳಿಸಿದ ತುಂಡು, ನಡುವೆ ಬರುವ "ಏ", "ಸುವ್ವಿ" ಇವನ್ನೆಲ್ಲ ಬೇರೆ ಹಾಳೆಗೆ ತೆಗೆದಿಡಿ. ಎಸೆಯಬೇಡಿ. ಉಳಿದದ್ದು ಮೂರು ಸಾಲು. ಮಾತನ್ನು ತಿದ್ದಲು ಮಾತ್ರ ಹೋಗಬೇಡಿ. ಅಜ್ಜಿ "ಹ್ವಾದ" ಅಂದರೆ "ಹೋದ" ಅಂತ ಬರೆದು ಶುದ್ಧ ಮಾಡಿದರೆ ಗಣ ಕೆಡುವುದಿರಲಿ, ಅಜ್ಜಿಯೇ ಹೋಗಿಬಿಡುತ್ತಾಳೆ.

ನಿಮ್ಮ ಕಡೆಯ ಹಲಸಂಗಿಯಲ್ಲೇ ಮಧುರಚೆನ್ನರು ಮತ್ತು ಅವರ ಗೆಳೆಯರು ಹೀಗೆ ಮನೆ ಮನೆಯ ಹೆಂಗಸರ ಹಾಡು ಕೂಡಿಸಿದರು. 1931ರಲ್ಲಿ ಅದು ಗರತಿಯ ಹಾಡು ಅಂತ ಪುಸ್ತಕವಾಯಿತು. ಇನ್ನೂ ಹಿಂದಕ್ಕೆ ಹೋಗಬೇಕಾ? ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ ನೋಡಿ, ಸುಮಾರು ಕ್ರಿ.ಶ. 700ರದು. "ಸಾಧುಗೆ ಸಾಧು" ಅಂತ ಶುರುವಾಗುವುದು ತ್ರಿಪದಿಯೇ. ಮೂರು ಸಾಲಿನ ಎರಡನೇ ಅಕ್ಷರ ನೋಡಿ: ಸಾಧುಗೆ, ಬಾಧಿಪ್ಪ, ಮಾಧವನ್. ಮೂರರಲ್ಲೂ ಧ. ಇದೇ ಆದಿಪ್ರಾಸ. ಮಕ್ಕಳನ್ನು ಬಾದಾಮಿ ಟ್ರಿಪ್‌ಗೆ ಕರೆದುಕೊಂಡು ಹೋಗಿ ಬರೀ ಗುಹೆಯಲ್ಲಿ ಸೆಲ್ಫಿ ತೆಗೆಸಿ ವಾಪಸ್ ಕರೆತರುತ್ತಾರೆ. ಈ ಬಂಡೆಯ ಕಡೆ ಯಾರೂ ಹೋಗುವುದಿಲ್ಲ. ನನಗೆ ಅದೊಂದು ಸಿಟ್ಟು.

ಪ್ರಶ್ನೆ (ಮುಧೋಳ): ಚಂಪು ಅಂದರೆ ಏನು ಸರ್? ಒಂದೇ ಮಾತಲ್ಲಿ ಹೇಳಿ.

ಉತ್ತರ: ಪದ್ಯ, ಗದ್ಯ ಎರಡೂ ಬೆರೆಸಿ ಬರೆದ ಕಾವ್ಯ. ಮುಧೋಳದವರಾಗಿ ಇದನ್ನು ಕೇಳುತ್ತೀರಲ್ಲ! ನಿಮ್ಮೂರಿನ ರನ್ನ ಬರೆದದ್ದೇ ಚಂಪು.

ಪ್ರಶ್ನೆ (ಗೋಕಾಕ): ಮಗಳು ಎಸ್ಸೆಸ್ಸೆಲ್ಸಿ. ಷಟ್ಪದಿಗೆ (ಆರು ಸಾಲಿನ ಪದ್ಯ) ಪ್ರಸ್ತಾರ ಹಾಕುವುದು, ಅಂದರೆ ಲಘು ಗುರು ಗುರುತಿಸಿ ಲೆಕ್ಕ ಹಾಕುವುದು, ತಲೆಗೆ ಹೋಗುತ್ತಿಲ್ಲ. ಟ್ಯೂಷನ್ನಿನಲ್ಲಿ ಸುಮ್ನೆ ಬಾಯಿಪಾಠ ಮಾಡಿಸುತ್ತಾರೆ. ಸುಲಭ ದಾರಿ ಇದೆಯಾ?

ಉತ್ತರ: ಹಳಗನ್ನಡ ಪದ್ಯದಿಂದ ಶುರು ಮಾಡಿಸಬೇಡಿ. ಅರ್ಥವೂ ಗೊತ್ತಿಲ್ಲ, ಲೆಕ್ಕವೂ ಗೊತ್ತಿಲ್ಲ ಅಂದರೆ ಮಗು ಏನು ಮಾಡಬೇಕು? ಊಟದ ತಟ್ಟೆಯಿಂದ ಶುರು ಮಾಡೋಣ. ಇದು ಈಗಷ್ಟೇ ಕಟ್ಟಿದ್ದು, ನಗಬೇಡಿ.

ಬಿಸಿಯ ರೊಟ್ಟಿಯ ಮೇಲೆ ಬೆಣ್ಣೆಯು
ಹಸಿಯ ಮೆಣಸಿನ ಖಾರ ಬದಿಯಲಿ
ಹಸಿದು ಬಂದವ ಕೂತನೆಂದರೆ ಲೆಕ್ಕ ಕೇಳುವನೇ

ಹ್ರಸ್ವ ಅಕ್ಷರ ಲಘು, ಒಂದು ಮಾತ್ರೆ. ದೀರ್ಘ ಅಕ್ಷರ ಗುರು, ಎರಡು ಮಾತ್ರೆ. ಸೊನ್ನೆ ಇದ್ದರೂ ಗುರು. ಒತ್ತಕ್ಷರ ಬಂದರೆ ಅದರ ಹಿಂದಿನ ಅಕ್ಷರ ಗುರು. ಮಕ್ಕಳು ತಪ್ಪುವುದು ಇಲ್ಲೇ, ಒತ್ತಕ್ಷರಕ್ಕೇ ಗುರು ಹಾಕಿಬಿಡುತ್ತಾರೆ. "ರೊಟ್ಟಿಯ" ತಗೊಳ್ಳಿ. ರೊ ಎರಡು, ಟ್ಟಿ ಒಂದು, ಯ ಒಂದು, ಒಟ್ಟು ನಾಲ್ಕು. "ಬಿಸಿಯ" ಮೂರು. ಹೀಗೆ ಮೂರು ನಾಲ್ಕು, ಮೂರು ನಾಲ್ಕು ಅಂತ ಹೋದರೆ ಸಾಲಿಗೆ 14. ಮೂರನೇ ಸಾಲಿನಲ್ಲಿ ಅದೇ ನಡಿಗೆ ಮೂರು ಸಲ, ಕೊನೆಗೆ ಒಂದು ಗುರು. 23 ಆಯಿತು. ಮುಂದಿನ ಮೂರು ಸಾಲೂ ಹೀಗೇ. ಒಟ್ಟು 102 ಮಾತ್ರೆ. ಇದು ಭಾಮಿನಿ ಷಟ್ಪದಿ, ಕುಮಾರವ್ಯಾಸ ಭಾರತ ಪೂರ್ತಿ ನಡೆದದ್ದು ಈ ನಡಿಗೆಯಲ್ಲೇ. ಶರ, ಕುಸುಮ, ಭೋಗ, ಪರಿವರ್ಧಿನಿ, ವಾರ್ಧಕ ಅಂತ ಇನ್ನೂ ಐದಿವೆ. ಒಂದು ಕೈಗೆ ಹತ್ತಿದರೆ ಉಳಿದವು ತಾವೇ ಬರುತ್ತವೆ.

ಮಗಳಿಗೆ ಹೇಳಿ, ಉಳಿದ ಮೂರು ಸಾಲು ಅವಳೇ ಬರೆಯಲಿ. ಎರಡನೇ ಅಕ್ಷರ "ಸ" ಕಾರ ಇರಬೇಕು, ಬಿಸಿ, ಹಸಿ ಇದ್ದಂತೆ.

ಮರುಪ್ರಶ್ನೆ (ಗೋಕಾಕದವರೇ, ಒಂದು ತಾಸಿನ ಮೇಲೆ): ಸರ್, ಬರೆದಳು! ನೋಡಿ:

ಬಸಿದ ತುಪ್ಪವ ಮೇಲೆ ಸುರಿದರೆ
ಮೊಸರ ಬಟ್ಟಲು ಪಕ್ಕದಲ್ಲಿದ್ದರೆ
ಹೆಸರು ಬೇಳೆಯ ಸಾರು ಬಂದರೆ ಸ್ವರ್ಗ ಬೇರುಂಟೇ

ಉತ್ತರ: ಶಹಬ್ಬಾಸ್! ಮೊದಲ ಸಾಲಿಗೆ ಪೂರ್ತಿ ಅಂಕ. ಬೆಣ್ಣೆ ಹಾಕಿದ ಮೇಲೆ ಮತ್ತೆ ತುಪ್ಪ ಯಾಕೆ ಅಂತ ಕೇಳುವುದಿಲ್ಲ, ಗೋಕಾಕದವರು ನೀವು.

ಎರಡನೆಯದರಲ್ಲಿ ಎರಡು ಮಾತ್ರೆ ಜಾಸ್ತಿ ಆಗಿದೆ. "ದಲ್ಲಿದ್ದರೆ" ಎಣಿಸಿ: ದ ಎರಡು, ಲ್ಲಿ ಎರಡು, ದ್ದ ಒಂದು, ರೆ ಒಂದು. ಆರು. ಬೇಕಾದದ್ದು ನಾಲ್ಕು. "ಪಕ್ಕದಲ್ಲಿರೆ" ಅಂತ ಮಾಡಿ, ಸರಿ ಕೂರುತ್ತದೆ. ಹಳೆಯ ಪದ್ಯದಲ್ಲಿ "ಇದ್ದರೆ" ಬದಲು "ಇರೆ" ಯಾಕೆ ಅಷ್ಟು ಸಲ ಬರುತ್ತದೆ ಅಂತ ಈಗ ಗೊತ್ತಾಯಿತಲ್ಲ. ಕವಿಗೂ ಜಾಗದ ತೊಂದರೆ.

ಮೂರನೆಯದರಲ್ಲಿ ಸಣ್ಣ ಕಳ್ಳ ಇದ್ದಾನೆ. "ಬಂದರೆ" ಆದಮೇಲೆ "ಸ್ವ" ಬಂತು. ಆ ಒತ್ತಕ್ಷರ ಹಿಂದಿನ "ರೆ"ಯನ್ನು ಗುರು ಮಾಡುತ್ತದೆ, ಒಂದು ಮಾತ್ರೆ ಏರುತ್ತದೆ. "ಸಗ್ಗ" ಅಂತ ಹಾಕಿ. ತದ್ಭವ ರೂಪ, ಅರ್ಥ ಅದೇ, ಲೆಕ್ಕವೂ ಸರಿ. ಇಷ್ಟು ಮಾಡಿದ ಹುಡುಗಿಗೆ ಪ್ರಸ್ತಾರ ಬರುವುದಿಲ್ಲ ಅಂತ ಯಾರು ಹೇಳಿದ್ದು?

ಪ್ರಶ್ನೆ (ವಿಜಯಪುರ): ನಾನು ಗಜಲ್ ಬರೆಯುತ್ತೇನೆ. ಎರಡೆರಡು ಸಾಲು, ಪ್ರಾಸ ಇದೆ. ಆದರೂ "ಇದು ಗಜಲ್ ಅಲ್ಲ" ಅನ್ನುತ್ತಾರೆ.

ಉತ್ತರ: ಎರಡು ಸಾಲಿಗೆ ಪ್ರಾಸ ಹಾಕಿದರೆ ದ್ವಿಪದಿ ಆಯಿತು ಅಷ್ಟೇ. ಗಜಲಿನಲ್ಲಿ ಪ್ರತಿ ಶೇರಿನ (ಎರಡು ಸಾಲಿನ ಜೋಡಿ) ಕೊನೆಗೂ ಸಾಮಾನ್ಯವಾಗಿ ಅದೇ ಪದ ಮರಳಿ ಬರುತ್ತದೆ, ಅದು ರದೀಫ್. ಅದಕ್ಕೆ ಮೊದಲು ಪ್ರಾಸದ ಪದ, ಅದು ಕಾಫಿಯಾ. ಮೊದಲ ಶೇರಿನ ಎರಡೂ ಸಾಲಿನಲ್ಲಿ ಇವು ಬೇಕು, ಮತ್ಲಾ ಅನ್ನುತ್ತಾರೆ. ಆಮೇಲೆ ಎರಡನೇ ಸಾಲಿನಲ್ಲಿ ಮಾತ್ರ ಸಾಕು. ರದೀಫ್ ಇಲ್ಲದ ಗಜಲೂ ಉಂಟು, ಕಾಫಿಯಾ ಇಲ್ಲದ್ದು ಇಲ್ಲ. ಆದಿಲಶಾಹಿ ಕಾಲದಲ್ಲೇ ನಿಮ್ಮೂರಲ್ಲಿ ದಖನಿಯಲ್ಲಿ ಗಜಲ್ ಬರೆಯುತ್ತಿದ್ದರು. ಹಂಗಾಗಿ ವಿಜಯಪುರದವರಿಂದ ಸ್ವಲ್ಪ ಜಾಸ್ತಿಯೇ ನಿರೀಕ್ಷೆ.

ಪ್ರಶ್ನೆ (ಬಾಗಲಕೋಟೆ, ನವನಗರ): ಸರ್, ಒಂದು ಸ್ಪರ್ಧೆಗೆ ಕತೆ ಕಳಿಸಿದ್ದೆ. "ಸಣ್ಣಕತೆಯ ಅಂಶಗಳಿಲ್ಲ" ಅಂತ ವಾಪಸ್ ಬಂತು. ನಿಮಗೂ ಕಳಿಸಿದ್ದೇನೆ. ಮುಳುಗಡೆಯ ಕತೆ. ಹಳೇ ಊರಿನಲ್ಲಿ ಅಜ್ಜನ ಕಿರಾಣಿ ಅಂಗಡಿ, ಆಲಮಟ್ಟಿ ಅಣೆಕಟ್ಟಿನ ಹಿನ್ನೀರು, ಪರಿಹಾರಕ್ಕೆ ಓಡಾಟ, ನವನಗರದಲ್ಲಿ ಸೈಟು, ಹೊಸ ಮನೆ, ಅಜ್ಜನ ಸಾವು. 14 ಪುಟ. ಎಲ್ಲ ನಡೆದದ್ದೇ, ಒಂದೂ ಸುಳ್ಳಿಲ್ಲ. ಏನು ಇಲ್ಲ ಇದರಲ್ಲಿ?

ಉತ್ತರ: ಎರಡು ಸಲ ಓದಿದೆ. ನಿಷ್ಠುರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ವಸ್ತು ಇದೆ, ಪಾತ್ರ ಇದೆ, ಕಾಲ ಇದೆ, ಸ್ಥಳ ಇದೆ. ಪಟ್ಟಿ ಹಿಡಿದು ನೋಡಿದರೆ ಎಲ್ಲ ಅಂಶವೂ ಇದೆ. ಆದರೆ ನೀವು ಬರೆದದ್ದು 20 ವರ್ಷದ ವರದಿ. ಕತೆ ಇರುವುದು 9ನೇ ಪುಟದ ಒಂದು ಸಾಲಿನಲ್ಲಿ. "ಹಳೇ ಮನೆಯ ಬಾಗಿಲನ್ನು ಚೌಕಟ್ಟು ಸಮೇತ ಅಜ್ಜ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ, ಅದು ಹೊಸ ಮನೆಗೆ ಹೊಂದಲಿಲ್ಲ" ಅಂತ ಬರೆದು, ಮುಂದಿನ ಸಾಲಿನಲ್ಲೇ ಕರೆಂಟ್ ಕನೆಕ್ಷನ್ ಅರ್ಜಿಗೆ ಹೋಗಿಬಿಟ್ಟಿರಿ! ಅಲ್ಲಿ ನಿಲ್ಲಬೇಕಿತ್ತು ನೀವು.

ಸಂಘರ್ಷ ಅಂದಕೂಡಲೇ ಅಜ್ಜ ಒಂದು ಕಡೆ, ಸರ್ಕಾರ ಇನ್ನೊಂದು ಕಡೆ ಅಂತ ನಿಲ್ಲಿಸಿದ್ದೀರಿ. ಸರ್ಕಾರ ಬಂದು ಅಜ್ಜನ ಎದುರು ಮಾತಾಡುವುದಿಲ್ಲ. ಗೌಂಡಿ ಮಾತಾಡುತ್ತಾನೆ. ಚೌಕಟ್ಟು ಕೂರುವುದಿಲ್ಲ, ಕೊಯ್ಯಬೇಕು ಅಂತಾನೆ ಗೌಂಡಿ. ಗೋಡೆ ಒಡಿ ಅಂತಾನೆ ಅಜ್ಜ. ಮಗ ದುಡ್ಡಿನ ಲೆಕ್ಕ ಹಾಕುತ್ತಾ ನಡುವೆ ನಿಂತಿದ್ದಾನೆ. ಇಡೀ ಮುಳುಗಡೆ ಆ ಒಂದು ಮಧ್ಯಾಹ್ನಕ್ಕೆ ಬಂತಲ್ಲ. ಕಾದಂಬರಿಗೆ 20 ವರ್ಷ ಬೇಕು. ಸಣ್ಣಕತೆಗೆ ಅದು ಭಾರ.

ಇನ್ನು ಯಾರ ಕಣ್ಣಿನಿಂದ ಹೇಳುತ್ತೀರಿ? ನಿಮ್ಮ ಕತೆಯಲ್ಲಿ ಒಮ್ಮೆ ಅಜ್ಜನ ಮನಸ್ಸಿನೊಳಗೆ ಇದ್ದೀರಿ, ಒಮ್ಮೆ ಅಧಿಕಾರಿಯ ಮನಸ್ಸಿನೊಳಗೆ, ಇನ್ನೊಮ್ಮೆ ಆಕಾಶದಲ್ಲಿ. ಆಗ ಹತ್ತು ವರ್ಷದವನಿದ್ದ ಮೊಮ್ಮಗನಿಗೆ ಕೊಡಿ. ಅವನಿಗೆ ಪರಿಹಾರದ ಲೆಕ್ಕ ಗೊತ್ತಿರುವುದಿಲ್ಲ, ಹಂಗಾಗಿ ನಿಮ್ಮ ಐದು ಪುಟ ತಾನಾಗಿ ಬಿದ್ದುಹೋಗುತ್ತದೆ. ದೃಷ್ಟಿಕೋನ ಅಂತ ಗೈಡಿನಲ್ಲಿ ಬರೆದಿರುತ್ತಾರಲ್ಲ, ಅದರಿಂದ ಆಗುವ ಕೆಲಸ ಇದು. ಏನು ಬಿಡಬೇಕು ಅಂತ ಅದೇ ಹೇಳಿಕೊಡುತ್ತದೆ.

ಮಾತಿನ ವಿಷಯ ಬಿಡಲು ಆಗಲ್ಲ. ನಿಮ್ಮ ಅಜ್ಜ "ನಾನು ಈ ದ್ವಾರವನ್ನು ತ್ಯಜಿಸಲಾರೆ" ಅನ್ನುತ್ತಾನೆ. ಯಾವ ಕಿರಾಣಿ ಅಂಗಡಿಯ ಅಜ್ಜ ಹಾಗನ್ನುತ್ತಾನೆ ಸ್ವಾಮಿ? "ಗ್ವಾಡಿ ಒಡಿ, ಬಾಗಲಾ ಮುಟ್ಟಬ್ಯಾಡ" ಅಂದರೆ ಮುಗಿಯಿತು. ನಿರೂಪಣೆ ಬೇಕಾದರೆ ಪುಸ್ತಕದ ಕನ್ನಡದಲ್ಲಿ ಇರಲಿ. ಅಜ್ಜನ ಬಾಯಿ ಅಜ್ಜನದೇ ಇರಲಿ.

ಕೊನೆಯ ಪುಟದ "ಅಭಿವೃದ್ಧಿ ಎಂದರೇನು" ಭಾಷಣ ಪೂರ್ತಿ ತೆಗೆಯಿರಿ. ಬಾಗಿಲು ಹೊರಗೆ ಮಲಗಿದ್ದು ಕಂಡರೆ ಓದುಗರಿಗೆ ತಿಳಿಯುತ್ತದೆ.

ಮಧ್ಯೆ ಇನ್ನೊಬ್ಬರು (ಬೀಳಗಿ): ಸರ್ರ, ಇದನ್ನು ನಾನು ಒಪ್ಪಲ್ಲ. ನಮ್ಮ ಊರೂ ಹೋಗಿದೆ. ಪರಿಹಾರದ ಲೆಕ್ಕ, ತಾರೀಖು ಎಲ್ಲ ತೆಗೆದರೆ ಮುಂದಿನವರಿಗೆ ಹೇಗೆ ಗೊತ್ತಾಗಬೇಕು?

ಉತ್ತರ: ಬರೆಯಲೇಬೇಕು, ಅದು ಕಮ್ಮಿ ಕೆಲಸ ಅಂತ ನಾನು ಹೇಳಿಲ್ಲ. ನಾನೂ ಮುಳುಗಡೆಯವನೇ. ಆದರೆ ಅದಕ್ಕೆ ಲೇಖನ ಇದೆ, ಆತ್ಮಕಥನ ಇದೆ. ಅಲ್ಲಿ ತಾರೀಖು ತಪ್ಪಿದರೆ ಬರಹವೇ ತಪ್ಪು. ಕತೆಯಲ್ಲಿ ತಾರೀಖು ತಪ್ಪಿದರೆ ಯಾರೂ ಕೇಳುವುದಿಲ್ಲ, ಬಾಗಿಲಿನ ಅಳತೆ ತಪ್ಪಿದರೆ ಕೇಳುತ್ತಾರೆ. ಇವರು ಆ 14 ಪುಟ ಹರಿದು ಹಾಕಬೇಕಿಲ್ಲ, ಅದನ್ನು ಲೇಖನ ಮಾಡಲಿ. ಕತೆ ಬೇರೆ ಬರೆಯಲಿ.

ಮರುಪ್ರಶ್ನೆ (ನವನಗರ, ರಾತ್ರಿ): ಸರ್, ಬೇಜಾರಾಗಿತ್ತು, ಸುಳ್ಳು ಹೇಳಲ್ಲ. ಆದರೂ ಅಳತೆ ಅಂದಿರಲ್ಲ, ಟೇಪ್ ಹಿಡಿದು ಹೋದೆ. ಬಾಗಿಲು ಇನ್ನೂ ಹಿತ್ತಲಲ್ಲಿ ಇಟ್ಟಿಗೆ ಮೇಲಿದೆ, ಅವ್ವ ಅದರ ಮೇಲೆ ಹಪ್ಪಳ ಒಣಹಾಕುತ್ತಾಳೆ. ಅಗಲ ಜಾಸ್ತಿ, ಎತ್ತರ ಐದಡಿ ಚಿಲ್ಲರೆ ಅಷ್ಟೇ. ಹಳೇ ಮನೆಗೆ ಎಲ್ಲರೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಿತ್ತು. ಅವ್ವ ಇನ್ನೊಂದು ಹೇಳಿದಳು. ಹೊಸ ಮನೆಯ ಬಾಗಿಲು ಏಳಡಿ ಇದ್ದರೂ ಅಜ್ಜ ಸಾಯುವವರೆಗೆ ತಲೆ ಬಗ್ಗಿಸಿಯೇ ಒಳಗೆ ಬರುತ್ತಿದ್ದನಂತೆ. ಇದನ್ನು ಎಲ್ಲಿ ಹಾಕಲಿ ಸರ್, ಮೊದಲಿಗಾ, ಕೊನೆಗಾ?

ಉತ್ತರ: ಕೊನೆಗೆ ಹಾಕಿ. ಅದಾದ ಮೇಲೆ ಒಂದು ಸಾಲೂ ಬರೆಯಬೇಡಿ.